ಕರ್ರ್ ಎನ್ನುವ ನಮಸ್ಕಾರ

ನಲವತ್ತು ದಾಟಿದ ಗೃಹಸ್ಥನೊಬ್ಬ ಗೆಳೆಯನ ಮನೆ ಬಾಗಿಲಲ್ಲಿ ನಿಂತು ‘ಟೀಂ…’ ಎಂದು ಕೀರಲು ದನಿ ತೆಗೆಯುತ್ತಿದ್ದ ಎಂದರೆ ನೀವು ನಗುತ್ತೀರಿ. ನಗಿ, ಆ ಗೃಹಸ್ಥ ನಾನೇ. ಒಳಗಿನಿಂದ ಶೇಷಗಿರಿ ‘ಕರ್ರ್…’ ಎನ್ನಬೇಕು, ಹೊರಗೆ ಬಂದು ನನ್ನ ಅಂಗೈಗೆ ಅಂಗೈ ತಟ್ಟಬೇಕು, ಆಮೇಲೆ ನಾರಾಯಣನಾದ ನನಗೆ “ಬಾರಲೇ ನಾಣ್ಯಾ”. ಅಲ್ಲಿಯವರೆಗೆ ಬೇರೆ ಮಾತಿಲ್ಲ. ಒಮ್ಮೆ ಪುಣೆಯ ಮಂಡಈ ಮಾರುಕಟ್ಟೆಯ ಬದನೆಕಾಯಿ ರಾಶಿಯ ಮುಂದೆ ಇದೇ ಆಟ ನಡೆದಾಗ ಮಾರುವ ಅಜ್ಜಿ ಮರಾಠಿಯಲ್ಲಿ, ಮೈಗೆ ಹುಷಾರಿಲ್ಲವೇ ಎಂದು ಕನಿಕರದಿಂದ ಕೇಳಿದ್ದಳು.

ಈ ಹುಚ್ಚು ಹಿಡಿಸಿದ್ದು ಕಂಪ್ಯೂಟರಿಗೆ ಫೋನಿನ ತಂತಿ ಜೋಡಿಸುವ ಮೋಡೆಮ್ ಎಂಬ ಪೆಟ್ಟಿಗೆ. ತೊಂಬತ್ತರ ದಶಕ. ಧಾರವಾಡದ ಒಂದೇ ಓಣಿಯ ನಾವಿಬ್ಬರೂ ಹೊಟ್ಟೆಪಾಡಿಗೆ ಪುಣೆ ಸೇರಿದ್ದೆವು. ಅವನು ಊರಾಚೆ ರಾಂಜಣಗಾಂವದ ಕಾರ್ಖಾನೆಯ ಉಗ್ರಾಣದಲ್ಲಿ, ನಾನು ಅದೇ ಕಂಪನಿಯ ಊರೊಳಗಿನ ಆಫೀಸಿನಲ್ಲಿ. ದಿನಾ ಸಂಜೆ ಅಲ್ಲಿನ ಸರಕಿನ ಪಟ್ಟಿ ಫೋನಿನ ತಂತಿ ಹಿಡಿದು ನನ್ನ ಕಂಪ್ಯೂಟರಿಗೆ ಬರಬೇಕು. ಅದಕ್ಕೆ ಮುಂಚೆ ಅವನ ಕಡೆಯ ಮೋಡೆಮ್ಮೂ ನನ್ನ ಕಡೆಯದೂ ‘ಟೀಂ… ಕರ್ರ್…’ ಎಂದು ಅರ್ಧ ನಿಮಿಷ ಕಿರುಚಾಡುತ್ತಿದ್ದವು. ಅದೊಂದು ಕೈಕುಲುಕಾಟವೆಂದು ಕೈಪಿಡಿಯಲ್ಲಿ ಓದಿ ಶೇಷಗಿರಿಯ ಮುಂದೆ ಪಂಡಿತನಾದೆ. ಮೊದಲು ‘ಇದ್ದೀಯಾ’, ‘ಇದ್ದೇನೆ’. ಆಮೇಲೆ ಯಾವ ವೇಗದಲ್ಲಿ ಮಾತಾಡೋಣ ಎಂಬ ಒಪ್ಪಂದ. ಒಂದು ಚುರುಕು, ಇನ್ನೊಂದು ನಿಧಾನವಾದರೆ ಚುರುಕಿನದೇ ತಗ್ಗಬೇಕು. ಒಪ್ಪಂದವಾದೊಡನೆ ಸದ್ದು ನಿಲ್ಲುತ್ತದೆ, ಕೆಲಸ ಸಾಗುತ್ತದೆ.

“ನಮ್ಮನ್ಯಾಗೂ ಹಂಗ ಅದ ನೋಡಲೇ,” ಎಂದಿದ್ದ ಶೇಷಗಿರಿ. “ಅಕೀ ವೇಗಕ್ಕ ನಾ ಇಳೀಬೇಕು.” ಅವನ ಹೆಂಡತಿ ಸುಮಿತ್ರಾ ವೈನಿ ಚಹಾ ಕೊಡುತ್ತಾ, “ಇಬ್ಬರಿಗೂ ಯಾವಾಗ ಬುದ್ಧಿ ಬರತದೋ” ಎಂದು ಒಳಗೆ ಹೋಗಿದ್ದರು.

ಮುಂದೆ ಇಂಟರ್‌ನೆಟ್ ಸುಧಾರಿಸಿ ಆ ಪೆಟ್ಟಿಗೆಗಳು ಗುಜರಿಗೆ ಹೋದವು. ನಮ್ಮ ಕಿರುಚಾಟ ಮಾತ್ರ ಉಳಿಯಿತು, ಶೇಷಗಿರಿಗೆ ಲಕ್ವಾ ಹೊಡೆಯುವವರೆಗೆ. ಬಲಗೈ ಹೋಯಿತು, ಮಾತು ಮುಕ್ಕಾಲು ಹೋಯಿತು. ಆಸ್ಪತ್ರೆಯಲ್ಲಿ ಅವನ ಸೊಟ್ಟಗಾದ ಬಾಯಿ ನೋಡಿ ನನ್ನ ಬಾಯಿಂದ ‘ಟೀಂ’ ಹೊರಡಲಿಲ್ಲ. ಎರಡೂ ಕೈ ಜೋಡಿಸಿ, “ಹೆಂಗಿದ್ದೀರಿ ಶೇಷಗಿರಿರಾಯರ?” ಎಂದುಬಿಟ್ಟೆ. ಮೂವತ್ತು ವರ್ಷದಲ್ಲಿ ಅವನಿಗೆ ನಾನು ಕೊಟ್ಟ ಮೊದಲ ಬಹುವಚನ ಅದು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ವಾರದ ಮೇಲೆ ವೈನಿ ಫೋನ್ ಮಾಡಿದರು. “ನೀವು ಕೈ ಮುಗದದ್ದು ಭಾಳ ಮನಸಿಗೆ ಹಚ್ಚಿಕೊಂಡಾರ್ರಿ. ನಾ ಸತ್ತೇ ಹೋದಾಂಗ ಮಾತಾಡಿಸಿದಾ ನಾಣ್ಯಾ ಅಂತ ಎಡಗೈಲೆ ಪಾಟಿ ಮ್ಯಾಲೆ ಬರದು ತೋರಿಸಿದ್ರು.”

ನಾಚಿಕೆಗೆ ಇನ್ನೂ ಎರಡು ವಾರ ಮುಖ ತಪ್ಪಿಸಿದೆ. ಅಷ್ಟರಲ್ಲಿ ಅವನನ್ನು ಮನೆಗೆ ಕರೆತಂದಿದ್ದರು. ಕೊನೆಗೊಂದು ಭಾನುವಾರ ಅವನ ಬಾಗಿಲಲ್ಲಿ ನಿಂತು ‘ಟೀಂ…’ ಎಂದೆ. ಒಳಗೆ ಸದ್ದಿಲ್ಲ. ಇನ್ನೊಮ್ಮೆ ಕೂಗಲು ಬಾಯಿ ತೆರೆದವನು ಸುಮ್ಮನಾದೆ. ನಿಧಾನದವನ ವೇಗಕ್ಕೆ ಇಳಿಯಬೇಕೆಂದು ಅವನಿಗೆ ಪಾಠ ಹೇಳಿದವನೇ ನಾನಲ್ಲವೇ. ಚಪ್ಪಲಿ ಕಳಚಿ ಹೊಸ್ತಿಲ ಬಳಿ ಕುಳಿತೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ‘ಕ…’ ಬಂತು. ಇನ್ನಷ್ಟು ಹೊತ್ತಿಗೆ ‘ರ್’. ಒಳಗೆ ಹೋಗಿ ಅವನ ಎಡ ಅಂಗೈಗೆ ತಟ್ಟಿದೆ. ಆಮೇಲೆ ಇಬ್ಬರೂ ಜೊತೆಗೆ ಸಂಜೆಯವರೆಗೆ ಕುಳಿತೆವು.

ಇಂಥ ಹನ್ನೊಂದು ಭಾನುವಾರ ಸಿಕ್ಕವು. ನಾನು ಕಳೆದುಕೊಂಡ ಮೂರು ವಾರ ಸೇರಿದ್ದರೆ ಹದಿನಾಲ್ಕಾಗುತ್ತಿದ್ದವು ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಅವನು ತೀರಿಕೊಂಡ ಹದಿಮೂರನೆಯ ದಿನ ವೈಕುಂಠ ಸಮಾರಾಧನೆಗೆ ಅವನ ಮನೆಗೆ ಹೋದೆ. ಚಪ್ಪಲಿ ಬಿಡುವಾಗ ಹಾಳು ರೂಢಿಗೆ ಬಾಯಿಂದ ‘ಟೀಂ…’ ಹೊರಟೇಬಿಟ್ಟಿತು. ಒಳಗೆ ಕುಳಿತ ನೆಂಟರೆಲ್ಲ ಕತ್ತೆತ್ತಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎಂದು ನಾನು ತಲೆ ತಗ್ಗಿಸಿ ನಿಂತಿದ್ದಾಗ ಅಡುಗೆಮನೆಯಿಂದ ವೈನಿಯ ಒಡೆದ ದನಿ ಬಂತು.

“ಕರ್ರ್… ಬರ್ರಿ ನಾರಾಯಣರಾವ್, ಒಳಗ ಬರ್ರಿ.”