ಎರಡಕ್ಕೂ ಒದಗುವ ಬೆಣ್ಣೆ ಕೇಕು

ಆಲ್ಮುಟ್ ಟೀಲೆಮಾನ್ ಇತಿಹಾಸದ ಮೊದಲ ಪಾಠ ಕಲಿತದ್ದು ಅಪ್ಪನ ಬೇಕರಿಯಲ್ಲಿ. ವೇಸರ್ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ ಬೆಳಗಿನ ಬ್ರೆಡ್ಡಿಗೆ ಸಾಲು ನಿಂತ ಹೆಂಗಸರು, ಯಾರ ಮುತ್ತಜ್ಜಿ ಊರ ಒಲೆಗಾಗಿ ಯಾರೊಡನೆ ಜಗಳವಾಡಿದ್ದಳು, ಯಾವ ಬರದಲ್ಲಿ ಹಿಟ್ಟಿಗೆ ಓಕ್ ಕಾಯಿ ಬೆರೆಸಿದ್ದರು ಎಂದೆಲ್ಲ ಮಾತಾಡುತ್ತಿದ್ದರು. ಹುಡುಗಿ ಬ್ರೆಡ್ಡು ಕಟ್ಟಿಕೊಡುವುದನ್ನೇ ಮರೆತು ಕೇಳುತ್ತಿದ್ದಳು.

"ಏ ಆಲ್ಮುಟ್, ಬಾಯಿ ಮುಚ್ಚೇ, ನೊಣ ಹೋದೀತು!" ಎಂದು ಅಪ್ಪ ಹಿನ್ನರ್ಕ್ ಒಲೆಯ ಕಡೆಯಿಂದ ಕೂಗುತ್ತಿದ್ದ.

ಯುದ್ಧ ಮುಗಿದ ಮೇಲೆ ಅವಳು ವಿಶ್ವವಿದ್ಯಾಲಯ ಸೇರಿದಳು. ಹಳ್ಳಿಗಳ ಊರೊಟ್ಟಿನ ಒಲೆಗಳ ಮೇಲೆ ಪ್ರಬಂಧ ಬರೆದು ಡಾಕ್ಟರ್ ಆದಳು. ಆದರೆ ಪ್ರೊಫೆಸರ್ ಪೀಠಕ್ಕೆ ಅಷ್ಟು ಸಾಲದು. ಇನ್ನೊಂದು ದೊಡ್ಡ ಗ್ರಂಥ ಬರೆಯಬೇಕು. ಹಿರಿಯರೆಲ್ಲರ ಮುಂದೆ ಪರೀಕ್ಷಾ ಉಪನ್ಯಾಸ ಕೊಡಬೇಕು. ಆಮೇಲೆ ಅವರು ಬಾಗಿಲು ಹಾಕಿಕೊಂಡು ಮತ ಹಾಕುತ್ತಾರೆ. ಗ್ರಂಥವೇನೋ ಮುಗಿದಿತ್ತು. ಉಪನ್ಯಾಸದಲ್ಲಿ ಸೋತರೆ, ನಲವತ್ತು ದಾಟಿದ ಸಹಾಯಕ ಅಧ್ಯಾಪಕಿಗೆ ಆ ಲೋಕದಲ್ಲಿ ಇನ್ನು ಜಾಗವಿರಲಿಲ್ಲ.

ಆ ದಿನ ಬಂದೇ ಬಂತು. ಆಲ್ಮುಟ್ ಕಾಗದಗಳನ್ನು ಬೆಂಚಿನ ಮೇಲಿಟ್ಟು ಅಂಗಳದಲ್ಲಿ ಸುತ್ತು ಹಾಕುತ್ತಾ ಉಪನ್ಯಾಸವನ್ನು ಬಾಯಿಪಾಠ ಮಾಡುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಹನ್ನೊಂದರ ಪಾಠ ಎಂದರೆ ಹನ್ನೊಂದೂಕಾಲಿಗೆ ಆರಂಭ. ಗುರುಗಳೂ ಶಿಷ್ಯರೂ ಆ ಕಾಲು ಗಂಟೆಯನ್ನು ಪಿತ್ರಾರ್ಜಿತದಂತೆ ಅನುಭವಿಸುವವರು. ಸರಿಯಾಗಿ ಹನ್ನೊಂದಕ್ಕಿದ್ದ ಪರೀಕ್ಷಾ ಉಪನ್ಯಾಸಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಇಗರ್ಜಿಯ ಗಡಿಯಾರ ಹನ್ನೊಂದು ಹೊಡೆದಾಗ, ಹಳೆಯ ಅಭ್ಯಾಸದಂತೆ, ಅವಳ ಕಾಲುಗಳು ಇನ್ನೊಂದು ಸುತ್ತಿಗೆ ಹೊರಟವು!

ಅಷ್ಟರಲ್ಲಿ ಭಾನುವಾರದ ಕೋಟು ತೊಟ್ಟ ಅಪ್ಪ, ಬಿಳಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆ ಹಿಡಿದು ಓಡೋಡಿ ಬಂದ.

"ಅಯ್ಯೋ ಮಗಳೇ! ಒಳಗೆ ಪಂಡಿತರೆಲ್ಲ ಕೂತಾಯ್ತು, ಮದುವೆ ಹೆಣ್ಣೇ ಇಲ್ಲ! ನೀನಿಲ್ಲಿ ಕೋಳಿ ಹಾಗೆ ಸುತ್ತುತಾ ಇದ್ದೀಯಲ್ಲ!"

"ಇನ್ನೂ ಕಾಲು ಗಂಟೆ ಇದೆಯಲ್ಲಪ್ಪ..." ಎನ್ನುವಷ್ಟರಲ್ಲಿ, ಇವತ್ತು ಅದಿಲ್ಲವೆಂದು ಅವಳಿಗೆ ನೆನಪಾಯಿತು.

"ಕಾಲು ಗಂಟೆ ಬಿಟ್ರೆ ಬ್ರೆಡ್ಡು ಇದ್ದಲಾಗತ್ತೆ ಕಣೇ! ಓಡು!"

ಓಡಿದಳು. ಏದುಸಿರು ಬಿಡುತ್ತಾ ವೇದಿಕೆ ಏರಿದ ಮೇಲೆ ನೋಡುತ್ತಾಳೆ, ಕೈ ಬರಿದು! ಕಾಗದಗಳೆಲ್ಲ ಅಂಗಳದ ಬೆಂಚಿನ ಮೇಲೆ.

"ಡಾಕ್ಟರ್ ಟೀಲೆಮಾನ್, ತಮಗೆ ಬಿಡುವಾಗಿದ್ದರೆ ಶುರು ಮಾಡೋಣವೇ?" ಎಂದರು ಡೀನ್ ಲ್ಯೂಡರ್ಸ್, ಮೀಸೆಯ ಕೆಳಗಿನಿಂದ.

ಬಾಯಿಪಾಠ ಮಾಡಿದ್ದರಲ್ಲಿ ಒಂದು ವಾಕ್ಯವೂ ನೆನಪಾಗಲಿಲ್ಲ. ನೆನಪಾದದ್ದು ಬೇಕರಿಯ ಸಾಲು. ಅವಳು ಆ ಹೆಂಗಸರಂತೆಯೇ ಮಾತಿಗಿಳಿದಳು. ಊರೊಟ್ಟಿನ ಒಲೆಯಲ್ಲಿ ಮೊದಲು ಬೇಯಿಸುವವಳು ತಣ್ಣಗಿನ ಒಲೆಯನ್ನು ತನ್ನ ಸೌದೆಯಿಂದಲೇ ಕಾಯಿಸಬೇಕು. ಹಿಂದೆ ಬರುವವರಿಗೆ ಬಿಸಿ ಒಲೆ ಸಿಗುತ್ತದೆ. ಹಾಗಾಗಿ ಮೊದಲಿನ ಸರದಿ ಯಾರಿಗೂ ಬೇಡ! ಅದಕ್ಕಾಗಿ ಜಗಳ, ಜಗಳದಿಂದ ಚೀಟಿ ಎತ್ತುವ ಪದ್ಧತಿ, ಅದನ್ನು ಕಾಯಲು ಊರ ಸಭೆ! ಅವಳ ಕೈ ಗಾಳಿಯಲ್ಲೇ ಹಿಟ್ಟು ನಾದುತ್ತಿತ್ತು. ಹಿಂದಿನ ಸಾಲಿನವರೂ ಮುಂದಕ್ಕೆ ಬಾಗಿದರು.

"ರಾಜರ ಒಪ್ಪಂದಗಳಿರುವಾಗ ರೊಟ್ಟಿಯ ಸರದಿಗೇಕಮ್ಮ ಇಷ್ಟು ಗೌರವ?" ಎಂದು ಡೀನ್ ಕೇಳಿದರು.

"ರಾಜರು ಒಪ್ಪಂದ ಮಾಡ್ಕೊಂಡಿದ್ದು ಊಟ ಆದ್ಮೇಲೆ, ಸರ್. ನಾನು ಹೇಳ್ತಿರೋದು ಊಟಕ್ಕೆ ಮುಂಚಿನ ಕಥೆ."

ಯಾರೋ ಕಿಸಕ್ಕೆಂದು ನಕ್ಕರು. ಡೀನ್ ನಗಲಿಲ್ಲ.

ಅಪ್ಪನನ್ನೂ ಮಗಳನ್ನೂ ಹೊರಗೆ ಕಳುಹಿಸಿ ಬಾಗಿಲು ಹಾಕಲಾಯಿತು. ಪಡಸಾಲೆಯ ಬೆಂಚಿನ ಮೇಲೆ ಅಪ್ಪ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ.

"ಏನಪ್ಪ ಅದು?"

"ಬೆಣ್ಣೆ ಕೇಕು."

"ಬೆಣ್ಣೆ ಕೇಕಾ! ಅಯ್ಯೋ, ಅದು ಸಾವಿನ ಮನೇಲಿ ಹಂಚೋದು!"

"ಮದುವೆ ಮನೇಲೂ ಹಂಚ್ತಾರಲ್ಲೇ. ಇವತ್ತು ಏನಾಗತ್ತೋ ನಂಗೇನ್ ಗೊತ್ತು? ಎರಡಕ್ಕೂ ಆಗೋದನ್ನೇ ಮಾಡ್ಕೊಂಡು ಬಂದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಒಳಗೆ ಕುರ್ಚಿ ಸರಿದ ಸದ್ದು. ಇಬ್ಬರೂ ಬಾಗಿಲಿನತ್ತ ಕಿವಿ ಕೊಟ್ಟರು. ಇದ್ದಕ್ಕಿದ್ದಂತೆ ಠಕ್ ಠಕ್ ಎಂದು ಮೇಜು ಕುಟ್ಟಿದ ಸದ್ದು! ಇನ್ನೊಂದು ಮೇಜು, ಮತ್ತೊಂದು, ಬಾಗಿಲೇ ನಡುಗುವಂತೆ!

"ಹೊಡೆದಾಟಾನಾ?" ಎಂದು ಅಪ್ಪ ಎದ್ದು ನಿಂತ.

"ಅಲ್ಲಪ್ಪಾ!" ಆಲ್ಮುಟ್ ಅವನ ತೋಳು ಹಿಡಿದು ಕುಣಿದೇಬಿಟ್ಟಳು. "ಇಲ್ಲಿ ಚಪ್ಪಾಳೆ ತಟ್ಟಲ್ಲ, ಮೇಜು ಕುಟ್ತಾರೆ! ಗೆದ್ದೆ ಕಣಪ್ಪಾ!"

ಬಾಗಿಲು ತೆರೆದು ಡೀನ್ ಹೊರಬಂದರು. ಅಪ್ಪ ಆಗಲೇ ಚಾಕು ಹಿಡಿದಿದ್ದ.

"ಸ್ವಾಮಿ, ಮದುವೆ ತಾನೇ?"

ಡೀನ್ ತಟ್ಟೆಯನ್ನು ನೋಡಿದರು. ಅವರೂ ಅದೇ ಸೀಮೆಯವರು.

"ಮದುವೆಯೇ, ಯಜಮಾನರೇ. ಅಂಚಿನ ತುಂಡು ನನಗಿರಲಿ."

ಎರಡು ವರ್ಷದಲ್ಲಿ ಉತ್ತರದ ಒಂದು ವಿಶ್ವವಿದ್ಯಾಲಯ ಅವಳನ್ನು ಪೀಠಕ್ಕೆ ಕರೆಯಿತು. ನಿವೃತ್ತಿಯವರೆಗೂ ಅಲ್ಲಿ ಕಲಿಸಿದಳು. ಅವಳ ಶಿಷ್ಯರ ಪರೀಕ್ಷೆಯ ದಿನವೆಂದರೆ ಗಡಿಯಾರ ಹೊಡೆಯುವ ಮೊದಲೇ ಅವಳು ಹಾಜರು. ಮತ ಹಾಕಲು ಒಳಗೆ ಹೋಗುವಾಗ, ಪಡಸಾಲೆಯಲ್ಲಿ ಕಾಯುವ ಶಿಷ್ಯನ ಮಡಿಲಲ್ಲಿ ಬಿಳಿ ಬಟ್ಟೆ ಮುಚ್ಚಿದ ಒಂದು ತಟ್ಟೆ ಇಟ್ಟು ಹೇಳುವಳು:

"ಹಿಡ್ಕೋ. ನಾನು ಬರೋವರೆಗೂ ಬಟ್ಟೆ ತೆಗೀಬೇಡ."