ಹೊರಡುವ ಮೊದಲೇ ತಲುಪಿದ ಬಸ್ಸು

ಕೆಲವು ವರ್ಷಗಳ ಹಿಂದೆ ನನ್ನ ಚೀಲದಲ್ಲಿ ಯಾವಾಗಲೂ ಒಂದು ತಮಾಷೆಯ ವೈಜ್ಞಾನಿಕ ಕಾದಂಬರಿ ಇರುತ್ತಿತ್ತು. ಮೂಡುಬಿದಿರೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಮುಗಿಸಿ, ವೇಣೂರಿನ ದಾರಿಯಾಗಿ ಗುರುವಾಯನಕೆರೆಗೆ ಬಸ್ಸಿನಲ್ಲಿ ಮರಳುವ ಹೊತ್ತು ಅದಕ್ಕೆ ಮೀಸಲು. ಎಲ್ಲವೂ ಇಂಗ್ಲಿಷಿನವು. ರಾಕೆಟ್ಟಿನ ಕೀಲಿಕೈ ಕಳೆದುಕೊಂಡು ಚಂದ್ರನ ಮೇಲೆ ಪರದಾಡುವ ಕ್ಯಾಪ್ಟನ್, ಭೂಮಿಗೆ ರಾಯಭಾರಿಯಾಗಿ ಬಂದು ಔತಣದಲ್ಲಿ ಕುರ್ಚಿಗಳನ್ನೇ ತಿಂದು ಮುಗಿಸುವ ಅನ್ಯಗ್ರಹದವನು, ಇಂಥವು. ಓದಿದ ಮೇಲೆ ತಲೆಯಲ್ಲಿ ಏನೂ ಉಳಿಯಬೇಕಾಗಿಲ್ಲ; ಅದೇ ಅವುಗಳ ಸುಖ. ಆದರೂ ಸಹೋದ್ಯೋಗಿಗಳು ಕೇಳಿದರೆ ಮುಖಪುಟವನ್ನು ಮಡಿಲಿಗೆ ತಿರುಗಿಸಿ ‘ಹೀಗೇ, ಟೈಂಪಾಸ್’ ಎನ್ನುತ್ತಿದ್ದೆ.

ಆ ಬಸ್ಸಿನ ಕಂಡಕ್ಟರ್ ನನಗಿಂತ ಹತ್ತು ವರ್ಷ ದೊಡ್ಡವರು. ‘ಮುಂದೆ ಹೋಗಿ, ಮುಂದೆ ಹೋಗಿ, ಡ್ರೈವರ್ ಕಚ್ಚುವುದಿಲ್ಲ, ಅವರದ್ದು ಊಟ ಆಗಿದೆ’ ಎಂದು ಅವರು ಹೇಳಿದರೆ ಬಾಗಿಲಲ್ಲಿ ಅಂಟಿಕೊಂಡು ನಿಂತವರೂ ನಕ್ಕು ಮುಂದೆ ಸರಿಯುತ್ತಿದ್ದರು. ಒಂದು ಸಂಜೆ ನನ್ನ ಸೀಟಿನ ಪಕ್ಕ ಬಂದು ನಿಂತರು.

‘ಟೀಚರ್, ಒಬ್ಬರೇ ನಗುವುದು ಒಳ್ಳೆಯದಲ್ಲ. ಎಂತ ಉಂಟು ಅದರಲ್ಲಿ? ನಮಗೂ ಹೇಳಿ.’

ಹೇಳಿದೆ. ಮರುದಿನ ಅವರೇ ಬಂದು ಕೇಳಿದರು, ‘ಕುರ್ಚಿ ತಿಂದವನಿಗೆ ಮತ್ತೆ ಎಂತ ಆಯಿತು? ಹೊಟ್ಟೆನೋವು?’ ಹೀಗೆ ದಿನಕ್ಕೊಂದು ಅಧ್ಯಾಯದ ಲೆಕ್ಕದಲ್ಲಿ ನಾನು ಹೇಳುತ್ತಾ ಹೋದೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಎಷ್ಟು ಉಳಿದಿದೆ, ಎಷ್ಟು ನನ್ನದಾಗಿದೆ ಎಂದು ನನಗೇ ಗೊತ್ತಿಲ್ಲ.

ಮೂರೋ ನಾಲ್ಕೋ ಕಾದಂಬರಿ ಮುಗಿದಿರಬೇಕು. ಒಂದು ದಿನ ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿ, ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ, ನಮ್ಮ ಕಡೆಯ ಆಡುಗನ್ನಡದಲ್ಲಿ ಒತ್ತೊತ್ತಾಗಿ ಬರೆದಿದ್ದರು.

‘ನಿಮ್ಮ ಪುಸ್ತಕದ ಹಾಗೆ ಒಂದು ಮಾಡಿದ್ದೇನೆ. ನಗು ಬಂದರೆ ಹೇಳಿ. ಬಾರದಿದ್ದರೂ ಹೇಳಿ, ನಾನೇನು ನಿಮ್ಮನ್ನು ವೇಣೂರಿನಲ್ಲಿ ಇಳಿಸುವುದಿಲ್ಲ.’

ನಮ್ಮ ಕಡೆಯ ಖಾಸಗಿ ಬಸ್ಸುಗಳ ಪಾಡು ಗೊತ್ತಿದ್ದವರಿಗೆ ಆ ಕಥೆ ಕೂಡಲೇ ತಿಳಿಯುತ್ತದೆ. ಪ್ರತಿ ಬಸ್ಸಿಗೂ ಸ್ಟ್ಯಾಂಡಿನಲ್ಲಿ ಇಂತಿಷ್ಟೇ ನಿಮಿಷ. ಮುಂದಿನ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನವರು ಇಳಿದು ಬಂದು ಜಗಳ ತೆಗೆಯುತ್ತಾರೆ, ಏಕೆಂದರೆ ಅವರ ಜನ ಇವರ ಬಸ್ಸಿಗೆ ಹತ್ತಿಬಿಡುತ್ತಾರೆ. ತೀರ್ಪು ಕೊಡುವವರು ಟೈಮ್ ಕೀಪರ್. ಕಂಡಕ್ಟರ್ ಬರೆದ ಕಥೆಯಲ್ಲಿ ಬಸ್ಸು ವೇಣೂರು ದಾಟಿದ ಮೇಲೆ ಕಾಲದ ಒಂದು ಹೊಂಡಕ್ಕೆ ಬೀಳುತ್ತದೆ. ಮೂಡುಬಿದಿರೆಯಿಂದ ಹೊರಡುವ ಮೊದಲೇ ಗುರುವಾಯನಕೆರೆ ತಲುಪುತ್ತದೆ. ಈ ಅದ್ಭುತ ಅಲ್ಲಿ ಯಾರಿಗೂ ಬೇಡ. ಟೈಮ್ ಕೀಪರಿಗೆ ಬೇಕಾದದ್ದು ಇಷ್ಟೇ: ‘ಇದು ಯಾರ ಟೈಮು?’ ಸ್ವಲ್ಪ ಹೊತ್ತಿಗೆ ಸರಿಯಾದ ಸಮಯಕ್ಕೆ ಹಿಂದಿನಿಂದ ಅದೇ ಬಸ್ಸು ಬರುತ್ತದೆ, ಅದರಿಂದ ಅದೇ ಕಂಡಕ್ಟರ್ ಇಳಿಯುತ್ತಾನೆ. ಇಬ್ಬರಿಗೂ ಕೈಕೈ ಮಿಲಾಯಿಸುವಷ್ಟು ಜಗಳ. ‘ನನ್ನ ಟೈಮಲ್ಲಿ ನೀನು ಎಂತಕ್ಕೆ ಬಂದದ್ದು ಮಾರಾಯ?’ ‘ನಿನ್ನ ಟೈಮೇ ನನ್ನ ಟೈಮು ಮಾರಾಯ!’ ಮಧ್ಯೆ ಒಬ್ಬಳು ಅಜ್ಜಿ, ಅಕ್ಕಿ ನೆನೆಹಾಕಲು ಮರೆತವಳು, ತನ್ನನ್ನು ನಿನ್ನೆ ಇಳಿಸಿದರೂ ಅಡ್ಡಿಯಿಲ್ಲ ಎನ್ನುತ್ತಾಳೆ.

ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ ಎಂದು ನನ್ನ ನೆನಪು. ಆದರೆ ಆ ದಿನದ ದಿನಚರಿಯಲ್ಲಿರುವುದು ಬೇರೆ: ‘ಕಂಡಕ್ಟರರ ಕಥೆ ಓದಿದೆ. ಕಲ್ಪನೆ ಚೆನ್ನಾಗಿದೆ. ಭಾಷೆ ತಿದ್ದಬೇಕು.’ ನಕ್ಕ ಸುದ್ದಿಯೇ ಇಲ್ಲ. ನಕ್ಕೆನೆಂಬುದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ತಿದ್ದಿದ್ದಂತೂ ನಿಜ. ಬಂಟ್ವಾಳದ ಒಂದು ಸಾಹಿತ್ಯ ಬಳಗದವರು ಹಾಸ್ಯಗೋಷ್ಠಿ ಏರ್ಪಡಿಸಿದ್ದರು. ಹೊಸಬರೂ ಓದಬಹುದು ಎಂದಿದ್ದರು. ನಾನೇ ಕಂಡಕ್ಟರರ ಹೆಸರು ಕೊಟ್ಟೆ. ಅವರಿಗೆ ಆದ ಸಂಭ್ರಮ ಅಷ್ಟಿಷ್ಟಲ್ಲ. ‘ಬಸ್ಸಲ್ಲಿ ನಗುವುದು ಬೇರೆ ಟೀಚರ್, ಬೇಗ ಸೀಟು ಸಿಗಲಿ ಅಂತ ನಗ್ತಾರೆ. ಕುರ್ಚಿ ಹಾಕಿ ಕೂತವರು ನಗಬೇಕು. ಒಮ್ಮೆ ನೋಡುವ’ ಎಂದರು.

ಎರಡು ವಾರ ಕೂತು ಕಥೆಯನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಮಾಡುತ್ತಾ ಮಾಡುತ್ತಾ ಸರಿಪಡಿಸಿದೆ. ಕಂಡಕ್ಟರುಗಳ ಜಗಳ ‘ನನಗೆ ನಿಗದಿಪಡಿಸಿದ ಸಮಯದಲ್ಲಿ ನೀವು ಸಂಚರಿಸಿದ್ದು ಏಕೆ?’ ಎಂದಾಯಿತು. ಅಜ್ಜಿಯಿಂದ ಕಥೆಗೆ ಉಪಯೋಗವಿಲ್ಲವೆಂದು ಅವಳನ್ನು ತೆಗೆದೆ. ದೇಶಕಾಲಗಳ ಬಗ್ಗೆ ಒಂದು ಪುಟ ವಿವರಣೆ ಸೇರಿಸಿದೆ. ಕೊನೆಗೆ ಸಮಯಪಾಲನೆಯ ಮಹತ್ವದ ಮೇಲೆ ನಾಲ್ಕು ಸಾಲು. ಇದನ್ನೆಲ್ಲ ಪ್ರೀತಿಯಿಂದಲೇ ಮಾಡಿದೆ ಎಂದು ಹೇಳಿಕೊಳ್ಳಬಹುದು. ಸ್ವಲ್ಪ ಜಂಬವೂ ಇತ್ತು.

ಇಂಗ್ಲಿಷಿನಲ್ಲಿ ಅಷ್ಟು ಹಗುರವಾಗಿ ಓದುತ್ತಿದ್ದವಳು ಹಾಗೇಕೆ ಮಾಡಿದೆ? ನಮ್ಮಲ್ಲಿ ಬೈಗುಳ, ಕೀಟಲೆ, ಮುದ್ದು ಎಲ್ಲ ತುಳುವಿನಲ್ಲಿ. ಕನ್ನಡವೆಂದರೆ ಶಾಲೆ, ಅರ್ಜಿ, ಸ್ವಾಗತ ಭಾಷಣ. ಕನ್ನಡದ ಹಾಳೆ ಎದುರಿಗೆ ಬಂದ ಕೂಡಲೇ ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ. ಇಂಗ್ಲಿಷಿನವರು ರಾಕೆಟ್ಟಿನಲ್ಲಿ ಮಂಗಾಟ ಮಾಡಬಹುದು, ಕನ್ನಡದಲ್ಲಿ ಬರೆದವರು ಏನಾದರೂ ಕಲಿಸಬೇಕು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆದರೂ ಹಾಗೆಯೇ ನಂಬಿದ್ದೆ.

ಟೈಪ್ ಆದ ಮೇಲೆ ಆ ಕ್ಯಾಲೆಂಡರ್ ಹಾಳೆಗಳನ್ನು ಮೂಲೆಯಲ್ಲಿ ರಾಶಿ ಹಾಕಿದ್ದ ಹಳೆಯ ಪತ್ರಿಕೆಗಳ ಜೊತೆ ಬಚ್ಚಲೊಲೆಗೆ ಹಾಕಿದೆ. ಮಳೆಗಾಲ, ಕಟ್ಟಿಗೆ ಹಸಿಯಾಗಿತ್ತು. ಕೈಯಲ್ಲಿ ಫೋನ್ ಇತ್ತು; ಒಂದು ಫೋಟೊ ತೆಗೆದಿಡಬೇಕು ಎಂದು ಹೊಳೆಯಲಿಲ್ಲ.

ಗೋಷ್ಠಿಯ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದರು. ಖಾಕಿಯಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆಯ ಮಕ್ಕಳು ಪ್ರತಿಜ್ಞೆ ಓದುವ ಹಾಗೆ ಓದಿದರು. ಸಭೆ ಒಮ್ಮೆಯೂ ನಗಲಿಲ್ಲ. ‘ಇಬ್ಬರು ಮೂವರು ನಕ್ಕರು’ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ನನ್ನ ಸಮಾಧಾನಕ್ಕೆ ಬರೆದುಕೊಂಡದ್ದು ಎಂದು ಈಗ ಅನಿಸುತ್ತದೆ. ಕೊನೆಗೆ ಗೌರವದ ಚಪ್ಪಾಳೆ ಬಿತ್ತು. ಅಧ್ಯಕ್ಷರು ‘ಚಿಂತನೆಗೆ ಹಚ್ಚುವ ಬರಹ’ ಎಂದರು.

ಹೊರಗೆ ಬಂದು ಚಹಾ ಕುಡಿಯುವಾಗ ಅವರು ಕೇಳಿದರು, ‘ಟೀಚರ್, ನನ್ನ ಆ ಹಾಳೆಗಳು ಉಂಟಲ್ಲ?’

‘ಉಂಟು, ಹುಡುಕಿ ಕೊಡ್ತೇನೆ’ ಎಂದೆ.

ಮತ್ತೆರಡು ಸಲ ಕೇಳಿದರು. ಎರಡು ಸಲವೂ ಅದನ್ನೇ ಹೇಳಿದೆ. ಆಮೇಲೆ ಕೇಳಲಿಲ್ಲ, ನನ್ನ ಪುಸ್ತಕದಲ್ಲಿ ಎಂತ ಉಂಟು ಎಂದೂ ಕೇಳಲಿಲ್ಲ. ನಾನು ಸಂಜೆಯ ಬೇರೆ ಬಸ್ಸು ಹಿಡಿಯತೊಡಗಿದೆ. ನನ್ನ ತರಗತಿಯ ವೇಳೆ ಬದಲಾಯಿತು ಎಂದು ಮನೆಯಲ್ಲಿ ಹೇಳಿದ್ದೆ. ಬದಲಾದದ್ದು ನಿಜವೇ ಎಂದು ಹಳೆಯ ವೇಳಾಪಟ್ಟಿ ತೆಗೆದು ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಕಳೆದ ತಿಂಗಳು ಗುರುವಾಯನಕೆರೆಯಲ್ಲಿ ಸಿಕ್ಕಿದರು. ಮೊಣಕಾಲು ನೋವಿನಿಂದ ಕಂಡಕ್ಟರ್ ಕೆಲಸ ಬಿಟ್ಟು ಈಗ ಅಲ್ಲಿಯೇ ಟೈಮ್ ಕೀಪರ್ ಆಗಿದ್ದಾರೆ. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಬಸ್ಸುಗಳ ಸಮಯ ಬರೆಯುವ ಪುಸ್ತಕ. ‘ಓ ಟೀಚರ್! ಯಾವ ಗ್ರಹಕ್ಕೆ ಹೋಗಿದ್ದದ್ದು ಇಷ್ಟು ವರ್ಷ?’

ಆ ಜಗಳದ ಭಾಗವನ್ನು ಒಮ್ಮೆ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಮೂಲವನ್ನು ಹೀಗಾದರೂ ಮರಳಿ ಪಡೆಯಬಹುದು ಎಂಬ ಆಸೆ. ಅವರು ಗಂಟಲು ಸರಿಮಾಡಿಕೊಂಡರು. ತುಳು ಬಿಟ್ಟು ಕನ್ನಡಕ್ಕೆ ತಿರುಗಿದರು. ‘ನನಗೆ ನಿಗದಿಪಡಿಸಿದ ಸಮಯದಲ್ಲಿ ನೀವು ಸಂಚರಿಸಿದ್ದು ಏಕೆ...’

ಗೋಷ್ಠಿಗಾಗಿ ಅಷ್ಟು ಬಾಯಿಪಾಠ ಮಾಡಿದ್ದರು. ನನ್ನ ಒಂದು ಅಲ್ಪವಿರಾಮವೂ ತಪ್ಪಲಿಲ್ಲ.

ರೆಕಾರ್ಡಿಂಗ್ ನಿಲ್ಲಿಸಿ ಎಲ್ಲ ಹೇಳಿದೆ. ಹಾಳೆಗಳನ್ನು ಒಲೆಗೆ ಹಾಕಿದ್ದು, ಹುಡುಕುತ್ತೇನೆಂದು ಸುಳ್ಳು ಹೇಳಿದ್ದು, ನಗು ಇದ್ದದ್ದು ಅವರ ಹಾಳೆಯಲ್ಲಿ, ನನ್ನ ಟೈಪಿನಲ್ಲಿ ಅಲ್ಲ ಎಂಬುದು. ಅವರು ಬೆಳ್ತಂಗಡಿಯ ಬಸ್ಸೊಂದಕ್ಕೆ ಸೀಟಿ ಊದಿ ಕಳುಹಿಸಿ ಬಂದರು.

‘ಟೀಚರ್ ಅಷ್ಟು ಸರಿಮಾಡಿ ಕೊಟ್ಟೂ ಯಾರಿಗೂ ನಗು ಬರಲಿಲ್ಲ ಅಂದ ಮೇಲೆ, ನನ್ನದು ಎಷ್ಟು ಹಾಳಿದ್ದಿರಬೇಕು ಅಂತ ನಾನು ಲೆಕ್ಕ ಹಾಕಿದ್ದು. ಅದಕ್ಕೇ ಮತ್ತೆ ಬರೆಯಲಿಲ್ಲ.’

ಸಿಟ್ಟಿನಿಂದ ಹೇಳಿದ್ದಲ್ಲ. ನನಗದು ಇನ್ನೂ ಕಷ್ಟವಾಯಿತು.

‘ಹಾಗಾದರೆ ನಾನು ಬರೆದದ್ದು ಹೇಗಿತ್ತು? ನಿಮಗೆ ನೆನಪುಂಟಾ?’

ನೆನಪಿದ್ದಷ್ಟು ಹೇಳಿದೆ. ಅವರು ತಲೆ ಬಾಗಿಸಿ, ಬೇರೆ ಯಾರದೋ ಊರಿನ ಸುದ್ದಿ ಕೇಳುವ ಹಾಗೆ ಕೇಳಿದರು. ಮುಗಿದ ಮೇಲೆ ಮೆಲ್ಲ ಕೇಳಿದರು:

‘ಲಾಯ್ಕ ಉಂಟು. ಇದು ನಿಜವಾಗಿ ನನ್ನದಾ ಟೀಚರ್, ಅಲ್ಲ ಈಗ ನೀವು ಮಾಡಿದ್ದಾ?’

ನಿಮ್ಮದೇ ಎನ್ನಬೇಕೆಂದು ಬಾಯಿ ತೆರೆದೆ. ಹಾಗೆಂದು ಆಣೆ ಹಾಕಿ ಹೇಳುವಷ್ಟು ನನಗೆ ಗೊತ್ತಿರಲಿಲ್ಲ.