ಭವಿತಾ ಆರಿಸಿದ ಚಕ್ರಗಳು

ಸುಳ್ಯದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಊರವರ ರಕ್ತ ತೆಗೆಯುತ್ತಿದ್ದ ಭವಿತಾ, ಒಂದು ಮಧ್ಯಾಹ್ನ ಪುರುಸೊತ್ತಾದಾಗ ತನ್ನ ಬೆರಳನ್ನೇ ಚುಚ್ಚಿ ನೋಡಿಕೊಂಡಳು. ರಕ್ತದ ಸಕ್ಕರೆ ಕಾಯಿಲೆಯ ಅಂಚಿಗೆ ಬಂದು ನಿಂತಿತ್ತು. ಅಪ್ಪ ಡೊಂಬಯ್ಯ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡದ್ದನ್ನು ಅವಳು ಕಣ್ಣಾರೆ ಕಂಡವಳು. ಬಸ್ಸು ಬಿಟ್ಟು, ಮನೆಯಿದ್ದ ಕಲ್ಲುಗುಂಡಿಯಿಂದ ಸುಳ್ಯಕ್ಕೆ ಸೈಕಲ್ಲಿನಲ್ಲೇ ಹೋಗಿಬರುವುದೆಂದು ನಿಶ್ಚಯಿಸಿದಳು. ಟ್ಯಾಂಕರುಗಳು ಓಡುವ ಆ ಹೆದ್ದಾರಿಯಲ್ಲಿ ನಲವತ್ತರ ಹೆಂಗಸು ಸೈಕಲ್ ತುಳಿಯುವುದು ಗಂಡ ಹರಿಪ್ರಸಾದನಿಗೆ ಸರಿಬರಲಿಲ್ಲ. ಆದರೆ ಮಾವನ ಕಾಲು ನೆನಪಾಗಿ ಅವನೂ ಸುಮ್ಮನಾದ.

ಸೈಕಲ್ ಕೊಡಿಸಿದವನು ರೂಪೇಶ. ಸಂಪಾಜೆಯ ಹುಡುಗ, ಸುಳ್ಯದಲ್ಲಿ ಬ್ಯಾಂಕಿನ ಕೆಲಸ, ರೇಸಿನ ಹುಚ್ಚು. ಮಂಗಳೂರಿನಲ್ಲಿ ರೇಸು ಬಿಟ್ಟವನೊಬ್ಬ ಒಂದೇ ಜಾತಿಯ ಎರಡು ಹಳೆಯ ರೋಡ್ ಬೈಕ್ ಮಾರುತ್ತಿದ್ದ. ಇಬ್ಬರೂ ಒಂದೊಂದು ತಂದರು. ಚಕ್ರ ತೆಳ್ಳಗೆ, ಸ್ಪೋಕು ಕಡಿಮೆ, ಬೆರಳಲ್ಲಿ ಎತ್ತುವಷ್ಟು ಹಗುರ. ಬೇಸಿಗೆಯಿಡೀ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರು. ಭವಿತಳ ಸಕ್ಕರೆಯೂ ಇಳಿಯಿತು.

ಮಳೆ ಹಿಡಿದ ಮೇಲೆ ಗುಂಡಿಗಳು ಬಾಯಿ ಬಿಟ್ಟವು. ಅರಂತೋಡಿನ ಹತ್ತಿರ ಅವಳ ಹಿಂದಿನ ಚಕ್ರದ ಸ್ಪೋಕೊಂದು ಕಡಿಯಿತು. ಹತ್ತು ದಿನ ಕಳೆಯುವುದರೊಳಗೆ ಇನ್ನೊಂದು. ಚಕ್ರ ಬಿಚ್ಚಿ ತೊಳೆಯುತ್ತಿದ್ದಾಗ ಅವಳ ಹೆಬ್ಬೆರಳಿನ ಉಗುರು ರಿಮ್ಮಿನ ಬದಿಯಲ್ಲಿ ಒಂದು ತಗ್ಗಿಗೆ ಇಳಿಯಿತು. ಬ್ರೇಕಿನ ರಬ್ಬರಿಗೆ ಅಂಟಿದ ಮರಳು ಲೋಹವನ್ನು ಅರದಂತೆ ತಿಂದಿತ್ತು. ಅಂಗೈಯಲ್ಲಿ ಒತ್ತಿದಾಗ ತಗಡಿನ ಡಬ್ಬಿಯ ಹಾಗೆ ಸಣ್ಣಗೆ ಅದುರಿತು. ಅದರ ಮೇಲೆ ತಾನು ಇಷ್ಟು ದಿನ ಇಳಿಜಾರು ಇಳಿದಿದ್ದೆ ಎಂದು ನೆನೆದು ಅವಳು ಚಕ್ರವನ್ನು ಗೋಡೆಗೆ ಒರಗಿಸಿಟ್ಟಳು.

ಮರುದಿನ ಬಸ್ಸಿನಲ್ಲಿ ಹೋಗಿ ರೂಪೇಶನಿಗೆ ಹೇಳಿದಳು. "ನಿನ್ನದೂ ಅದೇ ಚಕ್ರ ಅಲ್ವಾ. ಒಮ್ಮೆ ಮುಟ್ಟಿ ನೋಡು."

ಬ್ಯಾಂಕಿನ ಹಿಂದೆ ನಿಲ್ಲಿಸಿದ್ದ ಸೈಕಲ್ಲಿನ ರಿಮ್ಮಿಗೆ ಅವಳೇ ಉಗುರು ಒತ್ತಿದಳು. ಅಲ್ಲಿಯೂ ತಗ್ಗು. ಅವಳದ್ದಕ್ಕಿಂತ ಆಳ.

"ನಿಮ್ಗೆ ಹೆದರಿಕೆ ಜಾಸ್ತಿ ಭವಿತಕ್ಕ," ಎಂದು ಅವನು ನಕ್ಕ. "ಎಲ್ಲ ರಿಮ್ಮೂ ಸವೆಯುದೇ. ಈ ಮಳೆಗಾಲ ಕಳೀಲಿ, ನೋಡುವ."

ಅವಳು ಪುತ್ತೂರಿಗೆ ಹೋದಳು. ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಉಲ್ಲಾಸ್ ಎರಡು ಬಗೆಯ ಚಕ್ರ ಮೇಜಿನ ಮೇಲಿಟ್ಟ. ಒಂದು ಹಳೆಯದರಷ್ಟೇ ಹಗುರ, ನೋಡಲು ಚಂದ. ಇನ್ನೊಂದು ದಪ್ಪ ಗೋಡೆಯ ಅಲ್ಯೂಮಿನಿಯಂ ರಿಮ್ಮು, ಮೂವತ್ತೆರಡು ಸ್ಪೋಕು, ಅಗಲದ ಟಯರು ಹಿಡಿಯುವಂಥದ್ದು.

"ಇದ್ರಲ್ಲಿ ಒಂದು ಸ್ಪೋಕು ಹೋದ್ರೂ ಮನೆ ಮುಟ್ಬಹುದು. ಆದ್ರೆ ಭಾರ ಉಂಟು, ಚಡಾವು ಹತ್ತುವಾಗ ಗೊತ್ತಾಗ್ತದೆ," ಎಂದ ಉಲ್ಲಾಸ್.

"ಚಡಾವಿನಲ್ಲಿ ದೂಡಿಕೊಂಡು ಹೋದ್ರೂ ಆಯ್ತು," ಎಂದು ಭವಿತಾ ಭಾರದ್ದನ್ನೇ ಆರಿಸಿದಳು. ರೂಪೇಶನಿಗೂ ಒಂದು ಜೊತೆ ತೆಗೆದಿಡಲು ಹೇಳಿ ಬಂದಳು. ಅವನು ತರಲು ಹೋಗಲಿಲ್ಲ.

ಹೊಸ ಚಕ್ರದಲ್ಲಿ ಅವಳು ನಿಧಾನವಾದಳು. ರೂಪೇಶ ಮುಂದೆ, ಅವಳು ಹಿಂದೆ. ಅವನು ಬ್ರೇಕು ಹಿಡಿದಾಗಲೆಲ್ಲ ಮರಳು ಕಾಗದ ಉಜ್ಜಿದಂಥ ಸದ್ದು ಅವಳಿಗೆ ಕೇಳುತ್ತಿತ್ತು. ವಾರಗಳು ಕಳೆದಂತೆ ಸದ್ದಿನ ನಡುವೆ ಒಂದು ಟಿಕ್ ಸೇರಿಕೊಂಡಿತು, ಪ್ರತಿ ಸುತ್ತಿಗೊಮ್ಮೆ. ಬೇಡವೆಂದರೂ ಅವಳ ಕಿವಿ ಅದನ್ನೇ ಕಾಯುತ್ತಿತ್ತು.

"ರೂಪೇಶ, ನಾಳೆಯಿಂದ ಬಸ್ಸಲ್ಲಿ ಬಾ. ಕೈ ಮುಗೀತೇನೆ."

"ಶನಿವಾರ ಪುತ್ತೂರಿಗೆ ಹೋಗ್ತೇನೆ ಮಾರಾಯ್ರೆ, ಬಿಡಿ."

ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು; ಗುರುವಾರ ಬೆಳಿಗ್ಗೆ. ಮಳೆ ನಿಂತು ರಸ್ತೆ ಹೊಳೆಯುತ್ತಿತ್ತು. ಇಳಿಜಾರಿನ ತಿರುವಿನಲ್ಲಿ ರೂಪೇಶ ಮುಂದಿನ ಬ್ರೇಕು ಹಿಡಿದ. ಜಾತ್ರೆಯ ಗರ್ನಾಲು ಸಿಡಿದ ಹಾಗೆ ಶಬ್ದವಾಯಿತು. ರಿಮ್ಮಿನ ಒಂದು ಬದಿ ಸುಲಿದುಕೊಂಡು ಹೊರಗೆ ಬಂದು ಚಕ್ರ ಅಲ್ಲಿಯೇ ಕಚ್ಚಿಕೊಂಡಿತು. ಅವನು ಹ್ಯಾಂಡಲಿನ ಮೇಲಿಂದ ಹಾರಿ ರಸ್ತೆಯ ನಟ್ಟನಡುವೆ ಬಿದ್ದ. ಭವಿತಾ ಅವನನ್ನು ತಪ್ಪಿಸಲು ಹೋಗಿ ಗುಂಡಿಗೆ ಇಳಿದಳು. ಮೈಯೆಲ್ಲ ಕುಲುಕಿದರೂ ಚಕ್ರ ತಡೆಯಿತು. ಆಗಲೇ ಮೇಲಿನಿಂದ ಟ್ಯಾಂಕರೊಂದು ಇಳಿಯುವ ಸದ್ದು ಬಂತು.

ಅವಳು ಸೈಕಲ್ ಬಿಸಾಡಿ, ಎರಡೂ ಕೈ ಎತ್ತಿ ತಿರುವಿನತ್ತ ಓಡಿದಳು. ಟ್ಯಾಂಕರು ಕಂಡಿತು, ಚಾಲಕನ ಮುಖವೂ ಕಂಡಿತು. ಗಾಡಿ ಅಡ್ಡಡ್ಡ ಜಾರುತ್ತಾ ಬಂದು ಅವಳ ಚೂಡಿದಾರದ ಶಾಲಿಗೆ ಗಾಳಿ ಹೊಡೆಯುವಷ್ಟು ಹತ್ತಿರ ನಿಂತಿತು. ಎಂಜಿನ್ನಿನ ಬಿಸಿ ಮುಖಕ್ಕೆ ಬಡಿಯಿತು. ಚಾಲಕ ಬಹಳ ಹೊತ್ತು ಇಳಿಯಲೇ ಇಲ್ಲ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ.

ರೂಪೇಶನ ಹೆಗಲೆಲುಬು ಮುರಿದಿತ್ತು, ಮೊಣಕೈ ಪುಡಿಯಾಗಿತ್ತು. ಆಸ್ಪತ್ರೆಯಲ್ಲಿ ಅವನ ರಕ್ತ ತೆಗೆದವಳು ಭವಿತಳೇ. ಅವನು ಬೇರೆ ಕಡೆ ನೋಡುತ್ತಿದ್ದ. ಅವಳು ಸೂಜಿ ಚುಚ್ಚಿದಲ್ಲಿ ಹತ್ತಿ ಒತ್ತಿ, ಕೊಳವೆಗೆ ಅವನ ಹೆಸರು ಬರೆದಳು.

ಮಳೆಗಾಲ ಹೋಯಿತು. ಅವನ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಕಲ್ಲುಗುಂಡಿಯಲ್ಲಿ ಅವನು ಸೈಕಲ್ ಹಿಡಿದು ನಿಂತಿದ್ದ. ಚಕ್ರ ಹೊಸದು, ಕಪ್ಪಗೆ, ತೆಳ್ಳಗೆ. ಸ್ಪೋಕುಗಳನ್ನು ಎಣಿಸಿಬಿಡಬಹುದಿತ್ತು.

"ಆನ್‌ಲೈನಿನಲ್ಲಿ ತರಿಸಿದ್ದು. ಮೊದಲಿನದ್ದಕ್ಕಿಂತಲೂ ಹಗುರ ಉಂಟು," ಎಂದ. "ಎಂತ ಭವಿತಕ್ಕ, ಹಾಗೆ ನೋಡುದು?"

ಭವಿತಾ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

"ಇವತ್ತಿಂದ ನಾನು ಮುಂದೆ ಹೋಗುದು," ಎಂದಳು. "ನೀನು ಹಿಂದಿನಿಂದ ಬಾ."